ನಡುವಯಸ್ಸಿನಲ್ಲಿ ಹಚ್ಚೆ ಹಾಕಲು ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯೋಗ, ಮಕ್ಕಳ ಓದು, ಹಿರಿಯರ ಆರೈಕೆ ಇವೆಲ್ಲದರ ನಡುವೆ ಹಚ್ಚೆ ಹಾಕುವ ವಿದ್ಯೆಯನ್ನು ಕಲಿಯಲು ಹೊರಟವರ ಪ್ರಶ್ನೆಗಳು ಇಪ್ಪತ್ತರ ಹರೆಯದವರ ಪ್ರಶ್ನೆಗಳಿಗಿಂತ ಬೇರೆಯಾಗಿರುತ್ತವೆ. ಯಾವ ಮಷೀನ್ ಕೊಳ್ಳಲಿ ಎಂಬುದಕ್ಕಿಂತ ಯಾವಾಗ ಕೂರಲಿ ಎಂಬುದೇ ಅವರನ್ನು ಹೆಚ್ಚು ಕಾಡುತ್ತದೆ. ಕೆಳಗಿನ ಉತ್ತರಗಳನ್ನು ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ನನಗೆ ನಲವತ್ತೈದು ದಾಟಿದೆ. ಈಗ ತೊಡಗಿದರೆ ತಡವಾಯಿತೇ?

ವಯಸ್ಸೊಂದೇ ಅಡ್ಡಿಯಾಗುವುದಿಲ್ಲ. ಒಂದೆಡೆ ಕುಳಿತು, ಉಸಿರನ್ನು ಹತೋಟಿಯಲ್ಲಿಟ್ಟುಕೊಂಡು, ಒಂದು ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಎಳೆಯುವುದು ಈ ಕೆಲಸದ ತಿರುಳು. ಹೊಲಿಗೆ, ಮರದ ಕೆತ್ತನೆ, ಗಡಿಯಾರ ರಿಪೇರಿ, ನರ್ಸಿಂಗ್ ಮೊದಲಾದ ಕೆಲಸಗಳನ್ನು ಮಾಡಿ ಬಂದವರ ಬೆರಳುಗಳು ಆಗಲೇ ಅರ್ಧ ಪಳಗಿರುತ್ತವೆ. ಹತ್ತಾರು ಜನರೊಡನೆ ವ್ಯವಹರಿಸಿ ಅಭ್ಯಾಸವಿರುವವರು ಹೆದರಿ ಕುಳಿತ ಗ್ರಾಹಕರನ್ನು ಸಮಾಧಾನಪಡಿಸುವುದನ್ನು ಪ್ರತ್ಯೇಕವಾಗಿ ಕಲಿಯಬೇಕಾಗಿಲ್ಲ. ಕೊರತೆ ಕಾಣುವುದು ಸಮಯದಲ್ಲಿ, ಅದರಲ್ಲೂ ಯಾರೂ ನಡುವೆ ಕರೆಯದ, ಕೈ ದಣಿದಿರದ ಸಮಯದಲ್ಲಿ. ಮುಂದಿನ ಹಲವು ಉತ್ತರಗಳು ಸುತ್ತಿ ಬಳಸಿ ಇದೇ ವಿಷಯಕ್ಕೆ ಬರುತ್ತವೆ.

ಕಲಿಕೆಗೆ ಎಷ್ಟು ಕಾಲ ಹಿಡಿಯುತ್ತದೆ?

ಸ್ಟುಡಿಯೋ ಒಂದರಲ್ಲಿ ಪೂರ್ಣಾವಧಿ ಶಿಷ್ಯವೃತ್ತಿಯಲ್ಲಿರುವವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಬೇಕಾಗುತ್ತದೆ. ವಾರದಲ್ಲಿ ಒಂದೆರಡು ದಿನ ಮಾತ್ರ ಬಿಡುವಾಗುವವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುವುದು ಸಹಜ. ಕೆಲವೇ ದಿನಗಳಲ್ಲಿ ಪರಿಣತರನ್ನಾಗಿಸುತ್ತೇವೆ ಎನ್ನುವ ಕೋರ್ಸ್‌ಗಳು ಉಪಕರಣಗಳ ಪರಿಚಯ ಮಾಡಿಕೊಡಬಲ್ಲವು, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಏಕೆಂದರೆ ಹಾಕಿದ ಹಚ್ಚೆ ಹೇಗೆ ಮಾಗಿತು ಎಂಬುದನ್ನು ನೋಡದೆ ಕಲಿಕೆ ಮುಂದುವರಿಯುವುದಿಲ್ಲ. ಮೇಲ್ಚರ್ಮ ಮಾಗಲು ಎರಡರಿಂದ ನಾಲ್ಕು ವಾರ, ಒಳಗಿನ ಪದರ ಪೂರ್ತಿ ಸುಧಾರಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಹಾಕಿದ ದಿನ ಎಲ್ಲ ಗೆರೆಗಳೂ ಕಪ್ಪಗೆ, ಚೂಪಾಗಿ ಕಾಣುತ್ತವೆ. ಎಲ್ಲಿ ಬಣ್ಣ ನಿಂತಿಲ್ಲ, ಎಲ್ಲಿ ಒಳಗೆ ಹರಡಿಕೊಂಡಿದೆ ಎಂಬುದು ತಿಳಿಯುವುದು ಆಮೇಲೆ.

ಕೆಲಸ ಮತ್ತು ಸಂಸಾರದ ನಡುವೆ ಅಭ್ಯಾಸಕ್ಕೆ ಸಮಯ ಹೊಂದಿಸುವುದು ಹೇಗೆ?

ಅಭ್ಯಾಸವನ್ನು ಎರಡು ಭಾಗವಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು. ತುಂಡು ಸಮಯದಲ್ಲಿ ಮಾಡಬಹುದಾದ ಕೆಲಸಗಳು ಒಂದು ಭಾಗ: ಗೆರೆ ಎಳೆಯುವುದು, ವೃತ್ತ ಬಿಡಿಸುವುದು, ಒಂದು ವಿನ್ಯಾಸವನ್ನು ಟ್ರೇಸಿಂಗ್ ಹಾಳೆಯ ಮೇಲೆ ಮತ್ತೆ ಮತ್ತೆ ತಿದ್ದುವುದು, ಅಕ್ಷರಗಳ ನಡುವಿನ ಅಂತರ ಅಳೆಯುವುದು, ಸೋಂಕು ನಿಯಂತ್ರಣದ ಪಾಠ ಓದುವುದು, ಮಷೀನಿನ ಭಾಗಗಳನ್ನು ಬಿಚ್ಚಿ ಜೋಡಿಸುವುದು. ಇವುಗಳಿಗೆ ಊಟದ ಬಿಡುವಿನ ಇಪ್ಪತ್ತು ನಿಮಿಷವೂ ಸಾಕು. ಯಾರಾದರೂ ಕರೆದರೆ ಪೆನ್ಸಿಲ್ ಕೆಳಗಿಟ್ಟು ಎದ್ದು ಹೋಗಬಹುದು.

ಸೂಜಿ ಹಿಡಿಯುವ ಕೆಲಸ ಇನ್ನೊಂದು ಭಾಗ. ಅದಕ್ಕೆ ಇಡುಗಂಟಾಗಿ ಸಮಯ ಬೇಕು. ಮೇಜು ಒರೆಸಿ, ಹೊದಿಕೆ ಹಾಕಿ, ಬಣ್ಣ ಸುರಿದು, ಕೆಲಸ ಮುಗಿದ ಮೇಲೆ ಅಷ್ಟನ್ನೂ ಬಿಚ್ಚಿ ವಿಲೇವಾರಿ ಮಾಡುವುದಕ್ಕೇ ಹೆಚ್ಚುಕಡಿಮೆ ಒಂದು ಗಂಟೆ ಹೋಗುತ್ತದೆ. ಆದ್ದರಿಂದ ಕೃತಕ ಚರ್ಮದ (ಅಭ್ಯಾಸಕ್ಕೆಂದೇ ಸಿಗುವ ಸಿಲಿಕೋನ್ ಹಾಳೆಯ) ಮೇಲಿನ ಅಭ್ಯಾಸಕ್ಕೂ ಮೂರು ಗಂಟೆಗಿಂತ ಕಡಿಮೆ ಬಿಡುವಿದ್ದರೆ ಮಷೀನನ್ನು ಹೊರತೆಗೆಯದಿರುವುದೇ ವಾಸಿ. ದಿನವೂ ಸ್ವಲ್ಪ ಹೊತ್ತು ಚಿತ್ರ, ವಾರಕ್ಕೊಮ್ಮೆ ಒಂದು ದೀರ್ಘ ಅವಧಿ ಸೂಜಿ ಎಂಬ ಕ್ರಮವನ್ನು ಬಹುತೇಕ ಗೃಹಸ್ಥರು ನಿಭಾಯಿಸಬಲ್ಲರು. ಆ ದೀರ್ಘ ಅವಧಿ ಯಾವುದೆಂದು ಮನೆಯವರಿಗೆ ಮೊದಲೇ ತಿಳಿಸಿ, ಆ ಹೊತ್ತಿನಲ್ಲಿ ಮಕ್ಕಳನ್ನೂ ಫೋನನ್ನೂ ನೋಡಿಕೊಳ್ಳಲು ಇನ್ನೊಬ್ಬರು ಇರುವಂತೆ ಮಾಡಿಕೊಳ್ಳಬೇಕು. ಕೈಗವಸು ಹಾಕಿಕೊಂಡ ಕೈಯಲ್ಲಿ ಫೋನ್ ಎತ್ತುವ ಅಭ್ಯಾಸ ಕೃತಕ ಚರ್ಮದ ದಿನಗಳಲ್ಲೇ ತಪ್ಪಬೇಕು; ಮುಂದೆ ಅದೇ ಕೈಗೆ ರಕ್ತ ಅಂಟಿರುತ್ತದೆ.

ನನಗೆ ಚಿತ್ರ ಬಿಡಿಸಲು ಚೆನ್ನಾಗಿ ಬರುವುದಿಲ್ಲ. ಆದರೂ ಕಲಿಯಬಹುದೇ?

ಕಲಿಯಬಹುದು, ಆದರೆ ಚಿತ್ರ ಬಿಡಿಸುವುದನ್ನು ತಪ್ಪಿಸಿಕೊಳ್ಳಲಾಗದು. ಚರ್ಮದ ಮೇಲೆ ವಿನ್ಯಾಸದ ಅಚ್ಚು ಮೂಡಿಸುವ ಸ್ಟೆನ್ಸಿಲ್ ಇದೆಯಲ್ಲ, ಅದರ ಮೇಲೆ ತಿದ್ದಿದರಾಯಿತು ಎಂಬ ಭಾವನೆ ಹಲವರಲ್ಲಿದೆ. ಕೆಲಸದ ನಡುವೆ ಸ್ಟೆನ್ಸಿಲ್‌ನ ಒಂದು ಭಾಗ ಅಳಿಸಿಹೋದಾಗ ಆ ಗೆರೆ ಎಲ್ಲಿಗೆ ಹೋಗಬೇಕಿತ್ತೆಂದು ಕೈಗೆ ಗೊತ್ತಿರಬೇಕು. ಭಾವಚಿತ್ರ, ಭೂದೃಶ್ಯಗಳಿಂದ ಆರಂಭಿಸಬೇಕಾಗಿಲ್ಲ. ನೇರ ಗೆರೆ, ಬಾಗಿದ ಗೆರೆ, ಎಲೆ, ಹೂವು, ಸರಳ ಅಕ್ಷರ ಇಷ್ಟನ್ನು ದಪ್ಪ ಪೆನ್ನಿನಿಂದ, ರಬ್ಬರ್ ಬಳಸದೆ ಬಿಡಿಸುತ್ತಾ ಹೋಗಬಹುದು. ಗೆರೆಯನ್ನು ಬೆರಳಿನಿಂದಲ್ಲದೆ ಮೊಣಕೈಯಿಂದ ಎಳೆಯುವುದನ್ನು ಈಗಲೇ ರೂಢಿಸಿಕೊಂಡರೆ ಮಷೀನ್ ಹಿಡಿದಾಗ ಅರ್ಧ ಶ್ರಮ ಉಳಿಯುತ್ತದೆ.

ಕಣ್ಣು ಮೊದಲಿನಂತಿಲ್ಲ, ಕೈ ಸ್ವಲ್ಪ ನಡುಗುತ್ತದೆ, ಬೆನ್ನು ನೋಯುತ್ತದೆ. ಏನು ಮಾಡಬಹುದು?

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರದ ಬಾಗುವ ಗುಣ ಕಡಿಮೆಯಾಗಿ ಹತ್ತಿರದ ವಸ್ತುಗಳು ಮಸುಕಾಗುವುದು ಎಲ್ಲರಿಗೂ ಬರುವ ಬದಲಾವಣೆ. ಹಚ್ಚೆ ಹಾಕುವವರ ಕಣ್ಣಿನಿಂದ ಚರ್ಮಕ್ಕೆ ಸುಮಾರು 35ರಿಂದ 45 ಸೆಂಟಿಮೀಟರ್ ಅಂತರವಿರುತ್ತದೆ. ಕುಳಿತು ಕೆಲಸ ಮಾಡುವಾಗಿನ ನಿಮ್ಮ ಅಂತರವನ್ನು ಟೇಪ್ ಹಿಡಿದು ಅಳೆದು, ಆ ಅಳತೆಯನ್ನು ಕಣ್ಣಿನ ಪರೀಕ್ಷೆ ಮಾಡುವವರಿಗೆ ಹೇಳಿ, ಅದಕ್ಕಾಗಿಯೇ ಪ್ರತ್ಯೇಕ ಕನ್ನಡಕ ಮಾಡಿಸಿಕೊಳ್ಳಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ ಭಾಗ ಕೆಳಗಿರುವುದರಿಂದ ಗದ್ದ ಮೇಲೆತ್ತಿ ನೋಡಬೇಕಾಗುತ್ತದೆ. ಹಾಗೆ ಗಂಟೆಗಟ್ಟಲೆ ಕುಳಿತವರ ಕುತ್ತಿಗೆ ಮರುದಿನ ತಿರುಗುವುದಿಲ್ಲ. ತೀರಾ ಸಣ್ಣ ಗೆರೆಗಳಿಗೆ ದಂತವೈದ್ಯರು ಕಣ್ಣಿಗೆ ಧರಿಸುವಂಥ ಲೂಪ್ ಎಂಬ ಭೂತಗನ್ನಡಿ ಕೂಡ ನೆರವಾಗುತ್ತದೆ. ನೆರಳು ಬೀಳದಂತೆ ಎರಡು ಕಡೆಯಿಂದ ಬೆಳಕು ಇರಲಿ.

ನಡುಕದ ವಿಷಯದಲ್ಲಿ ಮೊದಲು ನೋಡಬೇಕಾದದ್ದು ನಿದ್ದೆ, ಹಸಿವು ಮತ್ತು ಕಾಫಿ. ಈ ಮೂರೂ ಸರಿಯಿದ್ದಾಗಲೂ ಉಳಿಯುವ ಅಲ್ಪಸ್ವಲ್ಪ ನಡುಕವನ್ನು ಕೈಯ ಊರುಗೋಲಿನಿಂದ ಹಿಡಿದಿಡಬಹುದು: ಕಿರುಬೆರಳಿನ ಬದಿಯನ್ನು ಚರ್ಮದ ಮೇಲೆ, ಮುಂಗೈಯನ್ನು ಆರ್ಮ್‌ರೆಸ್ಟ್ ಮೇಲೆ ಊರಿದಾಗ ಸೂಜಿಯ ತುದಿ ಬಹುಮಟ್ಟಿಗೆ ನಿಶ್ಚಲವಾಗುತ್ತದೆ. ಗಾಳಿಯಲ್ಲಿ ತೇಲುವ ಕೈ ಇಪ್ಪತ್ತರ ಹರೆಯದಲ್ಲೂ ನಡುಗುತ್ತದೆ. ನಡುಕ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅಥವಾ ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆಯ ಲಕ್ಷಣ ಅದೇ ಆಗಿರಬಹುದು. ದಪ್ಪ ಗ್ರಿಪ್ ಇರುವ ಹಗುರ ಮಷೀನ್ ಬೆರಳುಗಳ ಬಿಗಿಯನ್ನು ಕಡಿಮೆ ಮಾಡುತ್ತದೆ. ಬೆನ್ನಿನ ಸಂಗತಿ ಸರಳ: ನೀವು ಬಾಗುವ ಬದಲು ಗ್ರಾಹಕರ ಕುರ್ಚಿಯನ್ನು ಎತ್ತರಿಸಿ.

ಗುರುಗಳಿಲ್ಲದೆ ವಿಡಿಯೋ ನೋಡಿ ಮನೆಯಲ್ಲೇ ಕಲಿಯಬಹುದೇ?

ಸಿಲಿಕೋನ್ ಹಾಳೆಯ ಮೇಲಿನ ಅಭ್ಯಾಸವನ್ನು ಮನೆಯಲ್ಲಿ ಮಾಡಬಹುದು. ಮನುಷ್ಯರ ಚರ್ಮವನ್ನು ಮನೆಯಲ್ಲಿ ಮುಟ್ಟಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಲವು ಕಡೆ ಅದು ಕಾನೂನಿಗೂ ವಿರುದ್ಧ, ಪರವಾನಗಿ ಮತ್ತು ತರಬೇತಿಯ ನಿಯಮಗಳನ್ನು ನೀವಿರುವ ಕಡೆಯ ಆರೋಗ್ಯಾಡಳಿತದಿಂದ ಕೇಳಿ ತಿಳಿಯಬೇಕು. ಚರ್ಮವನ್ನು ಎಷ್ಟು ಬಿಗಿಯಾಗಿ ಎಳೆದು ಹಿಡಿಯಬೇಕು, ಸೂಜಿ ಸರಿಯಾದ ಆಳಕ್ಕೆ ಹೋದಾಗ ಕೈಗೆ ಏನು ಅನ್ನಿಸುತ್ತದೆ, ಮಷೀನಿನ ಸದ್ದು ಯಾವಾಗ ಬದಲಾಗುತ್ತದೆ ಎಂಬುದನ್ನು ವಿಡಿಯೋ ತೋರಿಸಬಹುದೇ ಹೊರತು ನಿಮ್ಮ ಕೈ ನೋಡಿ ತಿದ್ದಲಾರದು. ಪೂರ್ಣಾವಧಿ ಸಾಧ್ಯವಿಲ್ಲದವರು ವಾರಕ್ಕೆ ಒಂದು ನಿಗದಿತ ದಿನ ಬರುತ್ತೇನೆಂದು ಸ್ಟುಡಿಯೋದವರನ್ನು ನೇರವಾಗಿ ಕೇಳಬಹುದು. ಎಲ್ಲರೂ ಒಪ್ಪುವುದಿಲ್ಲ. ಒಪ್ಪುವವರು ಆ ದಿನವನ್ನು ನೀವು ತಪ್ಪಿಸುವುದಿಲ್ಲ ಎಂಬ ಭರವಸೆಯ ಮೇಲೆ ಒಪ್ಪುತ್ತಾರೆ.

ಕಲಿಸುವವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರಾಗಿದ್ದರೆ?

ಹೆಚ್ಚಾಗಿ ಹಾಗೆಯೇ ಆಗುತ್ತದೆ. ಇಲ್ಲಿ ಮುಜುಗರ ನಿಮಗಿಂತ ಅವರಿಗೆ ಹೆಚ್ಚು. ತಮ್ಮ ತಂದೆ ತಾಯಿಯ ವಯಸ್ಸಿನವರಿಗೆ ‘ಈ ಗೆರೆ ಕೆಟ್ಟಿದೆ’ ಎಂದು ಹೇಳಲು ಅವರ ಬಾಯಿ ಬರುವುದಿಲ್ಲ, ‘ಪರವಾಗಿಲ್ಲ, ಚೆನ್ನಾಗಿದೆ’ ಎಂದು ದಾಟಿಸಿಬಿಡುತ್ತಾರೆ. ಆ ‘ಪರವಾಗಿಲ್ಲ’ದಿಂದ ನಷ್ಟವಾಗುವುದು ನಿಮಗೆ. ಮೊದಲ ದಿನವೇ ‘ತಪ್ಪಿದ್ದರೆ ತಪ್ಪೆಂದೇ ಹೇಳಿ, ವಯಸ್ಸು ನೋಡಬೇಡಿ’ ಎಂದು ತಿಳಿಸಿ, ನೀವೂ ಅವರನ್ನು ಬಹುವಚನದಲ್ಲೇ ಮಾತನಾಡಿಸಿ. ನೆಲ ಒರೆಸುವುದು, ಟ್ರೇ ತೊಳೆಯುವುದು ಮೊದಲಾದ ಕೆಲಸಗಳನ್ನು ಎಲ್ಲ ಶಿಷ್ಯರೂ ಮಾಡುತ್ತಾರೆ. ಅವು ಸೋಂಕು ನಿಯಂತ್ರಣದ ಮೊದಲ ಪಾಠವೂ ಹೌದು.

ಯಾವ ಮಷೀನ್, ಯಾವ ಸೂಜಿ ಕೊಳ್ಳಬೇಕು?

ವಿದ್ಯುತ್ ಹಚ್ಚೆ ಯಂತ್ರಕ್ಕೆ ಮೊದಲ ಪೇಟೆಂಟ್ ಪಡೆದವರು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ, 1891ರಲ್ಲಿ. ಕಾಗದದಲ್ಲಿ ತೂತು ಕೊರೆದು ಪ್ರತಿ ತೆಗೆಯಲು ಥಾಮಸ್ ಎಡಿಸನ್ ರೂಪಿಸಿದ್ದ ವಿದ್ಯುತ್ ಲೇಖನಿಯೇ ಅದಕ್ಕೆ ಆಧಾರ. ಇಂದಿಗೂ ತತ್ತ್ವ ಅಷ್ಟೇ: ಸೂಜಿ ಮೇಲೆ ಕೆಳಗೆ ಚಲಿಸಬೇಕು. ವಿದ್ಯುತ್ಕಾಂತದ ಸುರುಳಿಗಳಿಂದ ನಡೆಯುವ ಕಾಯಿಲ್ ಮಷೀನ್ ಭಾರ, ಅದರ ಕಂಪನವೂ ಸದ್ದೂ ಹೆಚ್ಚು, ಆಗಾಗ ಟ್ಯೂನ್ ಮಾಡುತ್ತಿರಬೇಕು. ವಾರಕ್ಕೊಮ್ಮೆ ಕೂರುವವರಿಗೆ ಪುಟ್ಟ ಮೋಟಾರಿನಿಂದ ನಡೆಯುವ ರೋಟರಿ ಮಾದರಿಯ, ಪೆನ್ನಿನ ಆಕಾರದ ಮಷೀನ್ ಹೆಚ್ಚು ಅನುಕೂಲ. ಒಂದು ಸಾಕು. ಸಿಕ್ಕ ಸ್ವಲ್ಪ ಸಮಯವನ್ನು ಮೂರು ಮಷೀನ್‌ಗಳ ನಡುವೆ ಹಂಚಿದರೆ ಯಾವುದೂ ಕೈಗೆ ಒಗ್ಗುವುದಿಲ್ಲ.

ಸೂಜಿಗಳಲ್ಲಿ, ಪ್ಲಾಸ್ಟಿಕ್ ಕೊಳವೆಯೊಳಗೇ ಕೂರಿಸಿ ಬರುವ ಕಾರ್ಟ್ರಿಜ್ ಬಗೆಯದನ್ನೇ ತೆಗೆದುಕೊಳ್ಳಿ, ಒಳಗೆ ತಡೆಪೊರೆ ಇರುವುದನ್ನು ಖಚಿತಪಡಿಸಿಕೊಳ್ಳಿ. ಬಣ್ಣವೂ ರಕ್ತವೂ ಹಿಂದಕ್ಕೆ ಹರಿದು ಮಷೀನಿನೊಳಗೆ ಸೇರದಂತೆ ಅದು ತಡೆಯುತ್ತದೆ. ಪೊಟ್ಟಣದ ಮೇಲೆ ‘1207ಆರ್‌ಎಲ್’ ಎಂದಿದ್ದರೆ 12 ಎಂಬುದು 0.35 ಮಿಲಿಮೀಟರ್ ದಪ್ಪದ ಸೂಜಿಯನ್ನೂ, 07 ಎಂಬುದು ಅಂಥ ಏಳು ಸೂಜಿಗಳ ಗುಂಪನ್ನೂ, ಆರ್‌ಎಲ್ ಎಂಬುದು ಗೆರೆ ಎಳೆಯುವ ರೌಂಡ್ ಲೈನರ್ ಅನ್ನೂ ಸೂಚಿಸುತ್ತದೆ. ಒಂದೇ ಸೂಜಿಯ ಅತಿ ಸಣ್ಣ ಗೆರೆ ನೋಡಲು ಸೊಗಸು, ಆದರೆ ಕೈಯ ಪ್ರತಿ ಅಲುಗಾಟವನ್ನೂ ಅದು ಬರೆದಿಡುತ್ತದೆ. ಐದು ಅಥವಾ ಏಳರ ಲೈನರ್, ಛಾಯೆಗೆ ಒಂದು ಕರ್ವ್ಡ್ ಮ್ಯಾಗ್ನಮ್ (ಬಾಗಿದ ಸಾಲಿನಲ್ಲಿ ಜೋಡಿಸಿದ ಅಗಲ ಸೂಜಿಗುಂಪು) ಇದ್ದರೆ ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು.

ಸೂಜಿ ಎಷ್ಟು ಆಳಕ್ಕೆ ಇಳಿಯಬೇಕು?

ಸಾಮಾನ್ಯವಾಗಿ ಒಂದರಿಂದ ಎರಡು ಮಿಲಿಮೀಟರ್. ಬಣ್ಣ ನಿಲ್ಲಬೇಕಾದದ್ದು ಮೇಲ್ಚರ್ಮದ ಕೆಳಗಿರುವ ಡರ್ಮಿಸ್ ಎಂಬ ಪದರದಲ್ಲಿ. ಮೇಲ್ಚರ್ಮ ಕೆಲವು ವಾರಗಳಿಗೊಮ್ಮೆ ಉದುರಿ ಹೊಸದಾಗುತ್ತಲೇ ಇರುವುದರಿಂದ ಅಲ್ಲಿಯಷ್ಟೇ ಉಳಿದ ಬಣ್ಣ ಅದರೊಂದಿಗೆ ಹೋಗಿಬಿಡುತ್ತದೆ. ಡರ್ಮಿಸ್‌ನಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶಗಳು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಮತ್ತೆ ನುಂಗುತ್ತವೆಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದಾರೆ. ಇನ್ನೂ ಆಳಕ್ಕೆ, ಕೊಬ್ಬಿನ ಪದರಕ್ಕೆ ಇಳಿದ ಬಣ್ಣ ಸುತ್ತಲೂ ಹರಡಿ ಗೆರೆಯ ಅಂಚಿನಲ್ಲಿ ನೀಲಿ ಮಬ್ಬು ಮೂಡುತ್ತದೆ. ಇದನ್ನೇ ಬ್ಲೋಔಟ್ ಎನ್ನುತ್ತಾರೆ. ಅದನ್ನು ಒರೆಸಲು ಬರುವುದಿಲ್ಲ.

ಚರ್ಮ ಎಲ್ಲ ಕಡೆ ಒಂದೇ ದಪ್ಪವಿಲ್ಲದ ಕಾರಣ ಸಂಖ್ಯೆಯನ್ನು ನಂಬಿ ಕೂರಲಾಗದು. ಮೊಣಕೈಯ ಒಳಬದಿ, ಪಾದದ ಮೇಲ್ಭಾಗ, ಮಣಿಕಟ್ಟಿನ ಒಳಮೈ ತೆಳು. ತೊಡೆ, ತೋಳಿನ ಹೊರಬದಿಗಳು ಕಲಿಯುವವರಿಗೆ ಉದಾರವಾಗಿರುತ್ತವೆ. ಆಳ ತಪ್ಪುವುದಕ್ಕೆ ಬಹಳ ಸಲ ಕಾರಣ ಸೂಜಿ ಹಿಡಿದ ಕೈಯಲ್ಲ, ಇನ್ನೊಂದು ಕೈ. ಅದು ಚರ್ಮವನ್ನು ತಬಲದ ಮುಚ್ಚಿಗೆಯಂತೆ ಬಿಗಿಯಾಗಿ ಎಳೆದು ಹಿಡಿಯದಿದ್ದರೆ ಸೂಜಿ ಒಮ್ಮೆ ಜಾರುತ್ತದೆ, ಒಮ್ಮೆ ಇಳಿಯುತ್ತದೆ.

ಕೃತಕ ಚರ್ಮದ ಮೇಲೆ ಚೆನ್ನಾಗಿ ಬರುತ್ತದೆ. ನಿಜವಾದ ಚರ್ಮಕ್ಕೆ ಯಾವಾಗ ಹೋಗಬಹುದು?

ಸಿಲಿಕೋನ್ ಹಾಳೆ ಊದಿಕೊಳ್ಳುವುದಿಲ್ಲ, ರಕ್ತ ಸುರಿಸುವುದಿಲ್ಲ, ನೋವಾಯಿತೆಂದು ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ಇಲ್ಲ. ಇಷ್ಟು ಸಾಧುವಾದ ಗ್ರಾಹಕರು ಮತ್ತೆಲ್ಲೂ ಸಿಗರು. ಆದ್ದರಿಂದ ಅದರ ಮೇಲಿನ ಅಭ್ಯಾಸದಲ್ಲೇ ನಿಜವಾದ ಕೆಲಸದ ಕಟ್ಟುಪಾಡುಗಳನ್ನು ತಂದುಕೊಳ್ಳಬೇಕು. ಹಾಳೆಯನ್ನು ಮೇಜಿನ ಮೇಲೆ ಹರಡುವ ಬದಲು ತೋಳಿಗೋ ಕಾಲಿಗೋ ಸುತ್ತಿ, ಬಾಗಿದ ಮೈಯ ಮೇಲೆ ಗೆರೆ ಎಳೆಯಬೇಕು. ಸ್ಟೆನ್ಸಿಲ್ ಒತ್ತಿದ ಮೇಲೆ ಹತ್ತು ಹದಿನೈದು ನಿಮಿಷ ಒಣಗಲು ಬಿಡಬೇಕು. ಬಲಗೈಯವರು ವಿನ್ಯಾಸದ ಕೆಳಗಿನ ಬಲ ಮೂಲೆಯಿಂದ ಆರಂಭಿಸಿ ಮೇಲಕ್ಕೆ, ಎಡಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ಬಣ್ಣ ಒರೆಸುವ ಪ್ರತಿ ಸಲವೂ ಕೆಳಗಿನ ಸ್ಟೆನ್ಸಿಲ್ ಅಳಿಯುತ್ತಾ, ಕೊನೆಗೆ ಊಹೆಯ ಮೇಲೆ ಗೆರೆ ಎಳೆಯಬೇಕಾಗುತ್ತದೆ.

ಒಂದೇ ವಿನ್ಯಾಸವನ್ನು ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಮನಸ್ಥಿತಿಯಲ್ಲಿ ಹಾಕಿದರೂ ಫಲಿತಾಂಶ ಒಂದೇ ಮಟ್ಟದಲ್ಲಿದೆ ಎಂದು ನಿಮ್ಮ ಗುರುಗಳು ಒಪ್ಪಿದಾಗ ಮುಂದಿನ ಹೆಜ್ಜೆ ಇಡಬಹುದು. ಮೊದಲ ಹಚ್ಚೆ ಗುರುಗಳ ಎದುರಿನಲ್ಲಿ, ಸ್ಟುಡಿಯೋದಲ್ಲಿ, ಚಿಕ್ಕದಾಗಿ ಆಗಲಿ. ಹಲವರು ತಮ್ಮದೇ ತೊಡೆಯ ಮೇಲೆ ಆರಂಭಿಸುತ್ತಾರೆ. ಒಂದು ಕೈಯಿಂದ ಚರ್ಮ ಎಳೆದು ಹಿಡಿಯುವುದು ಅಲ್ಲಿ ಕಷ್ಟವಾದರೂ ನೋವಿನ ಅಂದಾಜು ಸಿಗುತ್ತದೆ. ಮನೆಯವರು ಪ್ರೀತಿಯಿಂದ ಕೈ ಮುಂದೆ ಚಾಚಿದರೂ ದಾಕ್ಷಿಣ್ಯಕ್ಕೆ ಒಪ್ಪಿಕೊಂಡವರ ಚರ್ಮದ ಮೇಲೆ ಕಲಿಯದಿರುವುದು ಒಳ್ಳೆಯದು.

ಸೋಂಕು ತಡೆಯುವ ವಿಷಯದಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ಚಿತ್ರಕ್ಕಿಂತಲೂ ಮೊದಲು ಇದನ್ನೇ ಕಲಿಯಬೇಕು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಅದರ ಲಸಿಕೆಯನ್ನು ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಡೋಸ್‌ಗಳಾಗಿ ಕೊಡುವುದರಿಂದ, ಕಾಗದದ ಮೇಲಿನ ಅಭ್ಯಾಸ ಆರಂಭಿಸಿದ ದಿನವೇ ವೈದ್ಯರನ್ನು ಕೇಳಿ ಮೊದಲ ಡೋಸ್ ಹಾಕಿಸಿಕೊಂಡರೆ ಚರ್ಮ ಮುಟ್ಟುವ ಹೊತ್ತಿಗೆ ಸರಣಿ ಮುಗಿದಿರುತ್ತದೆ. ರಕ್ತದಿಂದ ಹರಡುವ ರೋಗಗಳ ಕುರಿತ ತರಬೇತಿಯನ್ನು ಆನ್‌ಲೈನ್‌ನಲ್ಲೂ ಪಡೆಯಬಹುದು.

ಸೂಜಿ, ಬಣ್ಣದ ಬಟ್ಟಲು, ಕೈಗವಸು, ಮೇಜಿನ ಹೊದಿಕೆ ಎಲ್ಲವೂ ಒಮ್ಮೆ ಮಾತ್ರ ಬಳಸುವಂಥವು. ಮತ್ತೆ ಬಳಸುವ ಲೋಹದ ಭಾಗಗಳಿದ್ದರೆ ಅವನ್ನು ತೊಳೆದು ಆಟೋಕ್ಲೇವ್‌ನಲ್ಲಿ ಇಡಬೇಕು. ಒತ್ತಡದಲ್ಲಿರುವ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡುವುದು ವಾಡಿಕೆ. ಕುದಿಯುವ ನೀರಿನಲ್ಲಿ ಅದ್ದುವುದರಿಂದ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಯುವುದಿಲ್ಲ. ಬಣ್ಣವನ್ನು ತೆಳುಗೊಳಿಸಲು ನಲ್ಲಿ ನೀರು ಸಲ್ಲದು, ಡಿಸ್ಟಿಲ್ಡ್ ನೀರೂ ಸಾಲದು, ಸ್ಟೆರೈಲ್ (ಸೂಕ್ಷ್ಮಾಣುರಹಿತ) ಎಂದು ನಮೂದಿಸಿದ ನೀರೇ ಬೇಕು. 2011ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ 19 ಮಂದಿಗೆ ಹಚ್ಚೆಯ ಜಾಗದಲ್ಲಿ ಮೈಕೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲಿದಾಗ ಮೂಲ ಪತ್ತೆಯಾದದ್ದು ತಯಾರಿಕೆಯ ಹಂತದಲ್ಲೇ ತೆಳುಗೊಳಿಸಿದ್ದ ಬೂದು ಬಣ್ಣದಲ್ಲಿ. ಹಚ್ಚೆ ಹಾಕಿದವರ ಕೈ ಶುಚಿಯಾಗಿದ್ದೂ ಹಾಗಾಗಿತ್ತು. ಬಣ್ಣದ ಸೀಸೆಯ ಮೇಲೆ ಬ್ಯಾಚ್ ಸಂಖ್ಯೆ ಇರುವುದನ್ನೇ ಕೊಂಡು, ಯಾರಿಗೆ ಯಾವ ಬ್ಯಾಚ್ ಬಳಸಿದಿರೆಂದು ಬರೆದಿಡಿ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ. ಸಾಮಾನುಗಳನ್ನು ಎಲ್ಲಿಡಬೇಕು?

ಬೀಗ ಹಾಕುವ ಪೆಟ್ಟಿಗೆಯಲ್ಲಿ. ಬಳಸಿದ ಸೂಜಿಗಳನ್ನು, ಅವು ಸಿಲಿಕೋನ್ ಮಾತ್ರ ಚುಚ್ಚಿದ್ದರೂ, ಗಟ್ಟಿ ಗೋಡೆಯ ಶಾರ್ಪ್ಸ್ ಡಬ್ಬಿಯಲ್ಲೇ ಹಾಕಬೇಕು. ಕಸದ ಚೀಲದಲ್ಲಿ ಹಾಕಿದರೆ ಅದನ್ನು ಎತ್ತುವವರ ಕೈಗೆ ಚುಚ್ಚುತ್ತದೆ. ಅಡುಗೆಮನೆ ಮತ್ತು ಊಟದ ಮೇಜು ಈ ಕೆಲಸಕ್ಕೆ ಬೇಡ.

ದಿನವಿಡೀ ದುಡಿದು ದಣಿದಿದ್ದೇನೆ, ಆದರೆ ಇಂದು ಬಿಟ್ಟರೆ ವಾರವಿಡೀ ಸಮಯವಿಲ್ಲ. ಕೂರಬಹುದೇ?

ಕಾಗದದ ಮೇಲಾದರೆ ಕೂರಬಹುದು. ಇನ್ನೊಬ್ಬರ ಮೈಮೇಲಾದರೆ ಕೂಡದು. ರಾತ್ರಿಯಿಡೀ ಮಗುವಿನ ಜ್ವರ ನೋಡಿಕೊಂಡವರು ಮರುದಿನ ಹಚ್ಚೆಯನ್ನು ಮುಂದೂಡಿದರೆ ಗ್ರಾಹಕರಿಗೆ ಒಂದು ದಿನದ ಬೇಸರ, ಅಷ್ಟೇ. ಸಂಜೆ ಕೆಲಸ ಬಿಟ್ಟು ನೇರವಾಗಿ ಸ್ಟುಡಿಯೋಗೆ ಬರುವವರು ಊಟ ಮಾಡಿ, ಅರ್ಧ ಗಂಟೆ ಸುಮ್ಮನೆ ಕುಳಿತು, ಒಂದು ಹಾಳೆಯ ತುಂಬ ಗೆರೆ ಎಳೆದು ನೋಡಲಿ. ಗೆರೆಗಳು ಎಂದಿನಂತಿಲ್ಲದಿದ್ದರೆ ಅಂದು ಸಹಾಯಕರಾಗಿ ಉಳಿಯಲಿ.

ಮನೆಯ ಕಾರಣಕ್ಕೆ ತಿಂಗಳುಗಟ್ಟಲೆ ಅಭ್ಯಾಸ ನಿಂತುಹೋಗುವುದೂ ಉಂಟು. ಗೆರೆಯ ಸ್ಥಿರತೆ ಮೊದಲು ಕೈತಪ್ಪುತ್ತದೆ, ತಿಳಿವಳಿಕೆ ಉಳಿದಿರುತ್ತದೆ. ಮರಳಿ ಬಂದಾಗ ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದ ಮುಂದುವರಿಸದೆ ಸಿಲಿಕೋನ್ ಹಾಳೆಯಿಂದ ಮತ್ತೆ ತೊಡಗಬೇಕು.

ಯಾರಿಗೆ ಹಚ್ಚೆ ಹಾಕಲು ಒಪ್ಪಬಾರದು?

ಅಪ್ರಾಪ್ತರು, ಮದ್ಯ ಸೇವಿಸಿ ಬಂದವರು, ಗರ್ಭಿಣಿಯರು ಇವರಿಗೆ ಬೇಡ. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಹತೋಟಿಗೆ ಬಾರದ ಮಧುಮೇಹವಿರುವವರು, ಗಾಯ ಮಾಗಿದ ಮೇಲೆ ಚರ್ಮ ಗಂಟುಗಟ್ಟಿ ಬೆಳೆಯುವ ಕೀಲಾಯ್ಡ್ ಪ್ರವೃತ್ತಿಯವರು ಮೊದಲು ವೈದ್ಯರ ಅಭಿಪ್ರಾಯ ತರಲಿ. ಮಚ್ಚೆಯ ಮೇಲೆ ಬಣ್ಣ ಹಾಕಬಾರದು. ಮುಂದೆ ಅದರ ಆಕಾರ, ಬಣ್ಣ ಬದಲಾದರೆ ವೈದ್ಯರಿಗೆ ಕಾಣಿಸಬೇಕು. ಅಲರ್ಜಿ ಹೆಚ್ಚಾಗಿ ವರದಿಯಾಗುವುದು ಕೆಂಪು ಬಣ್ಣದಿಂದ. ಇವಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ: ನಿಮ್ಮ ಕೈಗೆ ಇನ್ನೂ ಎಟುಕದ ವಿನ್ಯಾಸ ಕೇಳುವವರು. ಅಂಥವರನ್ನು ಆ ಶೈಲಿ ಬಲ್ಲವರ ಬಳಿ ಕಳಿಸಿದರೆ ಅವರು ಮುಂದೆ ಚಿಕ್ಕ ಕೆಲಸಕ್ಕೆ ನಿಮ್ಮ ಬಳಿಗೇ ಬರುವ ಸಂಭವ ಹೆಚ್ಚು.

ಈಗಿರುವ ಉದ್ಯೋಗ ಬಿಟ್ಟು ಇದನ್ನೇ ವೃತ್ತಿಯಾಗಿಸಿಕೊಳ್ಳಬಹುದೇ?

ಆತುರ ಬೇಡ. ಶಿಷ್ಯವೃತ್ತಿಯಲ್ಲಿ ಸಾಮಾನ್ಯವಾಗಿ ಸಂಬಳವಿರುವುದಿಲ್ಲ, ಕೆಲವೆಡೆ ನೀವೇ ಶುಲ್ಕ ಕೊಡಬೇಕಾಗುತ್ತದೆ. ಅನಂತರವೂ ಆದಾಯ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಸಂಬಳದ ಕೆಲಸ ಕೈಯಲ್ಲಿರುವವರಿಗೆ ಇರುವ ದೊಡ್ಡ ಅನುಕೂಲವೆಂದರೆ, ಬಾಡಿಗೆ ಕಟ್ಟುವ ಒತ್ತಡಕ್ಕೆ ಸಿಕ್ಕಿ ಒಲ್ಲದ ಕೆಲಸವನ್ನು ಒಪ್ಪಿಕೊಳ್ಳಬೇಕಾಗಿಲ್ಲ. ವಾರಾಂತ್ಯದಲ್ಲಿ ಮಾತ್ರ ಹಚ್ಚೆ ಹಾಕುತ್ತಾ ಇರುವುದನ್ನು ಅರ್ಧ ದಾರಿ ಎಂದು ಭಾವಿಸಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ.

ನಾನು ಅಪರೂಪಕ್ಕೆ ಕೆಲಸ ಮಾಡುವವನು. ಬಣ್ಣ, ಸೂಜಿಗಳು ಕೆಡುತ್ತವೆಯೇ?

ಕೆಡುತ್ತವೆ, ಬಿಡುವಿನ ವೇಳೆಯಲ್ಲಿ ಕಲಿಯುವವರು ಗಮನಿಸದೆ ಬಿಡುವ ವಿಷಯವಿದು. ಸೂಜಿಯ ಪೊಟ್ಟಣದ ಮೇಲೆ ಸ್ಟೆರೈಲ್ ಆಗಿ ಉಳಿಯುವ ಕೊನೆಯ ದಿನಾಂಕವಿರುತ್ತದೆ. ಅದು ದಾಟಿದ್ದರೆ ಅಥವಾ ಪೊಟ್ಟಣ ಹರಿದಿದ್ದರೆ, ಒದ್ದೆಯಾಗಿದ್ದರೆ ಆ ಸೂಜಿ ಕೃತಕ ಚರ್ಮಕ್ಕೆ ಮಾತ್ರ. ಬಣ್ಣದ ಸೀಸೆಗೆ ಎರಡು ಅವಧಿಗಳಿರುತ್ತವೆ, ಮುಚ್ಚಳ ತೆರೆಯದಿದ್ದಾಗಿನದು ಒಂದು, ತೆರೆದ ಮೇಲಿನದು ಇನ್ನೊಂದು. ತೆರೆದ ದಿನಾಂಕವನ್ನು ಸೀಸೆಯ ಮೇಲೆಯೇ ಮಾರ್ಕರ್‌ನಿಂದ ಬರೆಯಿರಿ. ದೊಡ್ಡ ಸೀಸೆ ಅಗ್ಗವೆಂದು ಕಂಡರೂ ವಾರಕ್ಕೊಮ್ಮೆ ಕೆಲವು ಹನಿ ಬಳಸುವವರು ಅದನ್ನು ಅವಧಿಯೊಳಗೆ ಮುಗಿಸಲಾರರು, ಆದ್ದರಿಂದ ಚಿಕ್ಕ ಸೀಸೆಗಳನ್ನೇ ಕೊಳ್ಳಿ. ಬಟ್ಟಲಿಗೆ ಸುರಿದು ಉಳಿದ ಬಣ್ಣವನ್ನು ಯಾವ ಕಾರಣಕ್ಕೂ ಮತ್ತೆ ಸೀಸೆಗೆ ಹಾಕಬೇಡಿ.